ಕೃತಿಸ್ವಾಮ್ಯವೂ ಮುಚ್ಚಿದ ಬಾಗಿಲೂ

ವಿದ್ಯೆಯು ಕಳ್ಳರು ಕದಿಯಲಾರದ ಧನವೆಂದು ನಾವು ಬಹುಕಾಲ ಬಾಲಕರಿಗೆ ಬೋಧಿಸಿದೆವು. ಆದರೆ ವಿದ್ಯೆ ಬೇರೆ, ಗ್ರಂಥ ಬೇರೆ. ಒಬ್ಬನು ವರ್ಷಗಟ್ಟಲೆ ಶ್ರಮಿಸಿ ಬರೆದುದನ್ನು ಮತ್ತೊಬ್ಬನು ಅನುಮತಿಯಿಲ್ಲದೆ ಅಚ್ಚುಹಾಕಿ ಮಾರಿದರೆ ಅದು ಚೌರ್ಯವೇ ಸರಿ. ಆದುದರಿಂದ ಕೃತಿಸ್ವಾಮ್ಯದ ಕಾನೂನು ಅವಶ್ಯವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಅದು ಎಷ್ಟು ಕಠಿನವಾಗಿರಬೇಕೆಂಬುದೇ ಪ್ರಶ್ನೆ.

ಅಮೆರಿಕಾ ದೇಶದಲ್ಲಿ ಈ ಪ್ರಶ್ನೆಯು ಒಮ್ಮೆ ತೀವ್ರವಾಗಿ ಎದ್ದಿತು. ಅಂತರ್ಜಾಲದಲ್ಲಿ ಚಲಚ್ಚಿತ್ರ, ಸಂಗೀತ ಮೊದಲಾದುವನ್ನು ಕದ್ದು ಹಂಚುವ ಪರದೇಶದ ತಾಣಗಳನ್ನು ಅಡಗಿಸುವುದಕ್ಕಾಗಿ 2011ರಲ್ಲಿ ಅಲ್ಲಿನ ಪ್ರತಿನಿಧಿಸಭೆಯಲ್ಲಿ ಸೋಪಾ ಎಂಬ ಮಸೂದೆಯೂ, ಸೆನೆಟ್ ಸಭೆಯಲ್ಲಿ ಪಿಪಾ ಎಂಬ ಮಸೂದೆಯೂ ಮಂಡಿತವಾದುವು. ಮೊದಲು ರಚಿತವಾದಂತೆ, ನ್ಯಾಯಾಲಯದ ಆಜ್ಞೆಯಾದರೆ ಅಂತಹ ತಾಣವು ಓದುಗರಿಗೆ ದೊರೆಯದಂತೆ ತಡೆಯಬಹುದಾಗಿತ್ತು. ಹಣ ಸಲ್ಲಿಸುವ ಸಂಸ್ಥೆಗಳೂ ಜಾಹೀರಾತು ಒದಗಿಸುವವರೂ ಅದರ ಸಂಬಂಧವನ್ನು ಕಡಿದುಕೊಳ್ಳಬೇಕಾಗಿತ್ತು. ಸಾವಿರಾರು ಜನರು ಬರೆಯುವ ತಾಣವೊಂದು ಕೆಲವರ ಅಪರಾಧಕ್ಕಾಗಿ ಪೂರ್ತಿಯಾಗಿ ಮುಚ್ಚಿಹೋದೀತೆಂದು ವಿರೋಧಿಗಳು ಭಯಪಟ್ಟರು. ಒಬ್ಬನು ಕೆರೆಯನ್ನು ಕೊಳೆಮಾಡಿದನೆಂದು ಊರಿಗೆಲ್ಲ ನೀರು ನಿಲ್ಲಿಸುವುದುಂಟೆ?

2012ನೆಯ ಜನವರಿ 18ರಂದು ಇಂಗ್ಲಿಷ್ ವಿಕಿಪೀಡಿಯವು 24 ಗಂಟೆಗಳ ಕಾಲ ತನ್ನ ಬಾಗಿಲನ್ನು ಮುಚ್ಚಿತು. ಗೂಗಲ್ ಸಂಸ್ಥೆಯು ಅಮೆರಿಕಾದ ತನ್ನ ಪುಟದಲ್ಲಿ ತನ್ನ ಹೆಸರಿನ ಮೇಲೆಯೇ ಕಪ್ಪುಪಟ್ಟಿ ಎಳೆಯಿತು. ಇನ್ನೂ ಸಾವಿರಾರು ತಾಣಗಳು ಇವರೊಡನೆ ಸೇರಿದುವು. ವಿಕಿಪೀಡಿಯದ ಆ ಕಪ್ಪು ಪುಟದಲ್ಲಿ, ಓದುಗರು ತಮ್ಮ ಪ್ರತಿನಿಧಿಯನ್ನು ಸಂಪರ್ಕಿಸುವ ಬಗೆಯನ್ನು ತಿಳಿಸುವ ಏರ್ಪಾಡಿತ್ತು; ಸುಮಾರು 80 ಲಕ್ಷ ಮಂದಿ ಅದನ್ನು ಉಪಯೋಗಿಸಿದರು. ಎರಡೇ ದಿನಗಳಲ್ಲಿ, ಜನವರಿ 20ರಂದು, ಎರಡು ಮಸೂದೆಗಳನ್ನೂ ಮುಂದಕ್ಕೆ ಹಾಕಲಾಯಿತು. ಅವು ಮತ್ತೆ ತಲೆಯೆತ್ತಲಿಲ್ಲ.

ಈ ಹೋರಾಟದಲ್ಲಿ ದೊಡ್ಡ ಕಂಪೆನಿಗಳ ಸ್ವಾರ್ಥವೂ ಬೆರೆತಿತ್ತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ನಿತ್ಯವೂ ತೆರೆದಿರುವ ಬಾಗಿಲಿನ ಬೆಲೆಯು ಅದು ಮುಚ್ಚಿದಂದೇ ತಿಳಿಯುವುದು.

ಇದರಿಂದ ಗೃಹಸ್ಥರಾದ ನಾವು ಕಲಿಯಬೇಕಾದ ಪಾಠವೂ ಒಂದುಂಟು. ಹೊಸ ಪುಸ್ತಕವೊಂದರ ಕದ್ದ ಪ್ರತಿಯು ಮೊಬೈಲಿಗೆ ಬಂದರೆ ನಾವು ಅದನ್ನು ಉಪಕಾರವೆಂದು ಭಾವಿಸಿ ಬಂಧುಗಳಿಗೆಲ್ಲ ಕಳುಹಿಸುತ್ತೇವೆ, ಮಕ್ಕಳು ನೋಡುತ್ತಿರುತ್ತಾರೆ. ಬರೆದವನ ಊಟದ ಯೋಚನೆ ನಮಗೆ ಬರುವುದಿಲ್ಲ. ಕಠಿನವಾದ ಕಾನೂನು ಬೇಕೆನ್ನುವವರಿಗೆ ನಾವೇ ಒದಗಿಸುವ ಸಾಕ್ಷ್ಯವಿದು. ಕೊಳ್ಳಬಲ್ಲವರು ಕೊಂಡು ಓದಲಿ, ಕೊಳ್ಳಲಾರದವರು ಪುಸ್ತಕಭಂಡಾರಕ್ಕೆ ಹೋಗಲಿ. ಜ್ಞಾನದ ಬಾಗಿಲು ತೆರೆದಿರಬೇಕೆಂದು ಕೇಳುವ ಅಧಿಕಾರವು ಆಗ ನಮಗೆ ನಿಜವಾಗಿ ಬರುವುದು.