ಅಂತೆಕಂತೆಗಳ ಯುದ್ಧವಿಮಾನ

ಕಂಪ್ಯೂಟರಿನಲ್ಲಿ ವಿಮಾನ ಹಾರಿಸೋ ಹುಚ್ಚು ಇರುವವರಿಗೆ ಡಿಸಿಎಸ್ ಅನ್ನೋ ಹೆಸರು ಗೊತ್ತಿರುತ್ತೆ. ಗೊತ್ತಿಲ್ಲದವರಿಗೆ ಹೇಳೋದಾದ್ರೆ, ಅದು ಈಗಲ್ ಡೈನಾಮಿಕ್ಸ್ ಅನ್ನೋ ಕಂಪನಿಯ ಯುದ್ಧವಿಮಾನದ ಆಟ. ಆಟ ಅಂದ್ರೆ ಅದರ ಭಕ್ತರಿಗೆ ಸಿಟ್ಟು ಬರುತ್ತೆ, ‘ಸಿಮ್ಯುಲೇಟರ್’ ಅನ್ನಬೇಕು :-) ಇಂಜಿನ್ ಶುರು ಮಾಡೋಕೇ ಒಂದಷ್ಟು ಸ್ವಿಚ್ಚುಗಳನ್ನ ಸರಿಯಾದ ಕ್ರಮದಲ್ಲಿ ಒತ್ತಬೇಕು. ಒಂದೊಂದು ವಿಮಾನಕ್ಕೂ ಬೇರೆಬೇರೆ ದುಡ್ಡು, ಜೊತೆಗೆ ನೂರಾರು ಪುಟಗಳ ಕೈಪಿಡಿ.

2025ರ ಜನವರಿಯಲ್ಲಿ ಈ ಕಂಪನಿ ಅಮೆರಿಕದ ಎಫ್-35ಎ ವಿಮಾನವನ್ನೂ ಮಾಡ್ತೀವಿ ಅಂತ ಘೋಷಿಸಿತು. ಬಹಿರಂಗವಾಗಿ ಸಿಗುವ ಮಾಹಿತಿಯಿಂದಲೇ ಮಾಡೋಕೆ ಸಾಧ್ಯ ಅನ್ನೋದು ಅವರ ವಾದ. ಇಲ್ಲಿಗೆ ನನ್ನ ತಕರಾರು ಶುರು.

ಊಹೆ ಮಾಡೋದು ತಪ್ಪು ಅಂತ ನಾನು ಹೇಳ್ತಿಲ್ಲ. ಊಹೆಗೆ ಸತ್ಯದ ಅಂಗಿ ತೊಡಿಸಿ ಮಾರೋದು ತಪ್ಪು.

ಈ ಕಂಪನಿಗೆ ಹೆಸರು ಬಂದಿದ್ದು ಹೇಗೆ ನೋಡಿ. 2011ರಲ್ಲಿ ಬಂದ ಅವರ ಎ-10ಸಿ ವಿಮಾನದ ಬೇರು ಇದ್ದದ್ದು ಅಮೆರಿಕದ ಏರ್ ನ್ಯಾಷನಲ್ ಗಾರ್ಡ್ ಪೈಲಟ್‌ಗಳ ತರಬೇತಿಗೆ ಮಾಡಿಕೊಟ್ಟ ತಂತ್ರಾಂಶದಲ್ಲಿ. ಹಾಗಾಗಿ ಜನ ನಂಬಿದರು. ‘ಇಲ್ಲಿರೋ ಸ್ವಿಚ್ಚು ಅಲ್ಲೂ ಇದೆ, ಇಲ್ಲಿ ಆಗೋದು ಅಲ್ಲೂ ಆಗುತ್ತೆ’ ಅನ್ನೋ ನಂಬಿಕೆ ಅದು. ವರ್ಷಗಟ್ಟಲೆ ಬೆವರು ಸುರಿಸಿ ಗಳಿಸಿದ್ದು. ಆ ನಂಬಿಕೆಯನ್ನೇ ಈಗ ಎಫ್-35ರ ಮೇಲೆ ಪಣಕ್ಕಿಡ್ತಿದಾರೆ.

ಎಫ್-35 ಬಗ್ಗೆ ಲೋಕಕ್ಕೆ ಗೊತ್ತಿರೋದು ಏನು? ಮೂಗಿನಲ್ಲಿ ಎಪಿಜಿ-81 ಅನ್ನೋ ರಾಡಾರ್ ಇದೆ. ಮೈಸುತ್ತ ಆರು ಇನ್‌ಫ್ರಾರೆಡ್ ಕ್ಯಾಮೆರಾಗಳಿವೆ. ಪೈಲಟ್ಟಿನ ಮುಂದೆ ಗಾಜಿನ ಹಡ್ ಇಲ್ಲ, ಎಲ್ಲ ಹೆಲ್ಮೆಟ್ಟಿನಲ್ಲೇ ಕಾಣುತ್ತೆ. ವೇಗ ಮ್ಯಾಕ್ 1.6. ಇವೆಲ್ಲ ಕರಪತ್ರದಲ್ಲೇ ಇರೋ ಮಾತು. ಆದರೆ ಆ ರಾಡಾರ್ ಎಷ್ಟು ದೂರ ನೋಡುತ್ತೆ, ಬೇರೆಬೇರೆ ಕಣ್ಣುಗಳು ಕಂಡಿದ್ದನ್ನ ಕಂಪ್ಯೂಟರ್ ಹೇಗೆ ಒಂದುಗೂಡಿಸುತ್ತೆ, ವೈರಿಯ ರಾಡಾರನ್ನ ಹೇಗೆ ಕುರುಡು ಮಾಡುತ್ತೆ, ಎಲ್ಲವೂ ಗುಟ್ಟು. ಹಳೇ ಎಫ್-16ರಿಂದ ಇಂಥ ಗುಟ್ಟುಗಳನ್ನ ತೆಗೆದರೂ ಹಾರಿಸೋ ಮಜಾ ಉಳಿಯುತ್ತೆ. ಎಫ್-35ರಲ್ಲಿ ಗುಟ್ಟೇ ಹೂರಣ. ಹೂರಣ ತೆಗೆದ ಹೋಳಿಗೆಗೆ ಹೋಳಿಗೆ ಅಂತಾರಾ?

ಊಹೆ ಎಷ್ಟು ದುಬಾರಿ ಅನ್ನೋದಕ್ಕೆ ಒಂದು ಚಿಕ್ಕ ಲೆಕ್ಕ. ವಿಮಾನ ರಾಡಾರಿಗೆ ಎಷ್ಟು ದೊಡ್ಡದಾಗಿ ಕಾಣುತ್ತೆ ಅನ್ನೋದನ್ನ ಚದರ ಮೀಟರಿನಲ್ಲಿ ಅಳೀತಾರೆ. ರಾಡಾರ್ ಕಾಣುವ ದೂರ ಈ ಸಂಖ್ಯೆಯ ನಾಲ್ಕನೇ ಮೂಲಕ್ಕೆ ತಕ್ಕಂತೆ ಬದಲಾಗುತ್ತೆ. 1 ಚದರ ಮೀಟರ್ ಗುರಿಯನ್ನ 160 ಕಿ.ಮೀ. ದೂರದಿಂದ ಕಾಣುವ ರಾಡಾರ್ ಇದೆ ಅಂದ್ಕೊಳ್ಳಿ. ಸ್ಟೆಲ್ತ್ ವಿಮಾನದ ಸಂಖ್ಯೆ 0.01 ಅಂತ ಊಹಿಸಿದ್ರೆ ಅದು ಸುಮಾರು 50 ಕಿ.ಮೀ.ನಲ್ಲಿ ಸಿಕ್ಕಿಬೀಳುತ್ತೆ. 0.0001 ಅಂತ ಊಹಿಸಿದ್ರೆ 16 ಕಿ.ಮೀ. ಬರೋ ತನಕ ಪತ್ತೆಯೇ ಇಲ್ಲ. ಅಂದ್ರೆ ಪ್ರೋಗ್ರಾಮರ್ ಎರಡು ಸೊನ್ನೆ ಹೆಚ್ಚು ಹಾಕಿದನೋ ಕಡಿಮೆ ಹಾಕಿದನೋ ಅನ್ನೋದರ ಮೇಲೆ ಯಾರು ಗೆಲ್ತಾರೆ ಅನ್ನೋದು ನಿಂತಿದೆ. ನಿಜದಲ್ಲಿ ಈ ಸಂಖ್ಯೆ ಒಂದೇ ಆಗಿರೋದೂ ಇಲ್ಲ, ಮುಂದಿನಿಂದ ಒಂದು, ಪಕ್ಕದಿಂದ ಇನ್ನೊಂದು, ರಾಡಾರಿನ ಆವರ್ತನಕ್ಕೆ ತಕ್ಕಂತೆ ಮತ್ತೊಂದು. ನೀವು ಸೋತದ್ದು ಎದುರಾಳಿಯ ಜಾಣತನಕ್ಕಲ್ಲ, ಯಾರೋ ಒಬ್ಬರ ಅಂದಾಜಿಗೆ!

ಹಿಂದೆಯೂ ಹೀಗೆ ಆಗಿದೆ. ಅಮೆರಿಕದ ವಿಮಾನಗಳ ಸಂಖ್ಯೆ 18ರಿಂದ ಸೀದಾ 20ಕ್ಕೆ ಹಾರಿದಾಗ, ಬಿಟ್ಟುಹೋದ 19 ರಹಸ್ಯ ಸ್ಟೆಲ್ತ್ ವಿಮಾನದ್ದೇ ಇರಬೇಕು ಅಂತ ಜನ ಊಹಿಸಿದ್ದರು. ಮೈಕ್ರೋಪ್ರೋಸ್ ಕಂಪನಿ 1988ರಲ್ಲಿ ‘ಎಫ್-19 ಸ್ಟೆಲ್ತ್ ಫೈಟರ್’ ಅನ್ನೋ ಆಟವನ್ನೇ ತಂದಿತು. ನುಣುಪಾದ ದುಂಡು ಮೈ, ಗನ್ನು, ವಿಮಾನಗಳನ್ನ ಹೊಡೆಯೋ ಕ್ಷಿಪಣಿ ಎಲ್ಲ ಇತ್ತು. ಅದೇ ವರ್ಷ ನವೆಂಬರಿನಲ್ಲಿ ಅಮೆರಿಕದ ವಾಯುಪಡೆ ನಿಜವಾದದ್ದನ್ನ ತೋರಿಸಿತು. ಹೆಸರು ಎಫ್-117, ವಜ್ರದಂತೆ ಮುಖಮುಖವಾಗಿ ಕತ್ತರಿಸಿದ ಮೈ, ಗನ್ ಇಲ್ಲ, ರಾಡಾರ್ ಕೂಡ ಇಲ್ಲ! ಆದರೂ ಮೈಕ್ರೋಪ್ರೋಸ್ ಮೇಲೆ ನನಗೆ ಸಿಟ್ಟಿಲ್ಲ. ಇಲ್ಲದ ವಿಮಾನಕ್ಕೆ ಇಲ್ಲದ ಹೆಸರು ಇತ್ತು. 1991ರಲ್ಲಿ ಅವರೇ ಎಫ್-117ಎ ಹೆಸರಲ್ಲಿ ಇನ್ನೊಂದು ಆಟ ಮಾಡಿದರು. ಇರೋ ವಿಮಾನದ ಹೆಸರಿಟ್ಟು ಒಳಗೆ ಕಲ್ಪನೆ ತುಂಬೋದು ಬೇರೆ ಮಾತು.

‘ಅಯ್ಯೋ, ಆಟ ತಾನೇ ಮಾರಾಯ್ರೇ, ಬಿಡಿ’ ಅಂತೀರಾ? ಆಟ ಆಟದೊಳಗೇ ಇದ್ದಿದ್ರೆ ಬಿಡ್ತಿದ್ದೆ. ಉಕ್ರೇನ್ ಯುದ್ಧದ ದೃಶ್ಯಗಳು ಅಂತ ‘ಆರ್ಮಾ 3’ ಆಟದ ತುಣುಕುಗಳು ಹರಿದಾಡಿ, 2022ರಲ್ಲಿ ಅದನ್ನ ಮಾಡಿದ ಬೊಹೀಮಿಯಾ ಇಂಟರ್‌ಆಕ್ಟಿವ್ ಕಂಪನಿಯೇ ಹೇಳಿಕೆ ಕೊಡಬೇಕಾಯ್ತು. 2025ರ ಮೇನಲ್ಲಿ ಭಾರತ-ಪಾಕಿಸ್ತಾನ ಸಂಘರ್ಷದ ಸಮಯದಲ್ಲೂ ಆಟದ ತುಣುಕುಗಳನ್ನ ನಿಜ ಅಂತ ನಂಬಿ ಫಾರ್ವರ್ಡ್ ಮಾಡಿದವರು ಎಷ್ಟು ಜನ! ಚಿತ್ರ ಹಾಗೆ ಹರಿದಾಡಿದ್ರೆ ಯಾರಾದ್ರೂ ಹಿಡೀತಾರೆ. ಸಂಖ್ಯೆ ಹರಿದಾಡಿದ್ರೆ ಹಿಡಿಯೋರು ಯಾರು? ‘ಸಿಮ್ಯುಲೇಟರಿನಲ್ಲೇ ಪರೀಕ್ಷೆ ಮಾಡಿದೀವಿ, ಈ ವಿಮಾನ ಆ ವಿಮಾನವನ್ನ ಹೊಡೆದುಹಾಕುತ್ತೆ’ ಅನ್ನೋ ವಿಡಿಯೋಗಳಿಗೆ ಬರವಿಲ್ಲ.

‘ಹಾಗಾದ್ರೆ ಗುಟ್ಟಿನ ಕಾಗದ ತಂದು ಮಾಡಬೇಕಾ?’ ಖಂಡಿತ ಬೇಡ. ಆ ದಾರಿಯನ್ನೂ ಜನ ನೋಡಿ ಆಗಿದೆ. 2021ರಲ್ಲಿ ‘ವಾರ್ ಥಂಡರ್’ ಆಟದ ಚಾಲೆಂಜರ್ 2 ಟ್ಯಾಂಕ್ ಸರಿಯಿಲ್ಲ ಅಂತ ಸಾಧಿಸೋಕೆ ಒಬ್ಬ ಆಟಗಾರ ಅದರ ನಿರ್ಬಂಧಿತ ಕೈಪಿಡಿಯ ಪುಟಗಳನ್ನೇ ಎಲ್ಲರೆದುರು ಹಾಕಿದ. 2023ರಲ್ಲಿ ಎಫ್-16ರದ್ದೂ ಹಾಗೇ ಆಯ್ತು. ಊಹೆಯನ್ನ ಊಹೆ ಅಂತ ಒಪ್ಪದೆ ಇದ್ದಾಗ, ಅದನ್ನ ಸುಳ್ಳು ಮಾಡಿ ತೋರಿಸೋ ಚಟ ಕೆಲವರಿಗೆ ಹತ್ತುತ್ತೆ. ಗುಟ್ಟು ಗುಟ್ಟಾಗೇ ಇರಲಿ.

ನಾನು ಕೇಳೋದು ಇಷ್ಟೇ. ಕೈಪಿಡಿಯಲ್ಲಿ ಮೂರು ಬಣ್ಣ ಇರಲಿ. ಬಲ್ಲದ್ದು ಒಂದು ಬಣ್ಣ, ಬಲ್ಲದ್ದರಿಂದ ಲೆಕ್ಕ ಹಾಕಿದ್ದು ಇನ್ನೊಂದು, ಕಲ್ಪಿಸಿಕೊಂಡದ್ದು ಮತ್ತೊಂದು. ಆ ಎರಡು ಸೊನ್ನೆಯ ಸಂಖ್ಯೆಯನ್ನ ಆಡಿಸುವವರು ತಮಗೆ ಬೇಕಾದಂತೆ ಬದಲಿಸೋ ಹಾಗಿರಲಿ. ಇದಕ್ಕೇನು ಖರ್ಚು? ಪೆಟ್ಟಿಗೆಯ ಮೇಲಿನ ಜಂಬ ಸ್ವಲ್ಪ ಕಡಿಮೆ ಆಗುತ್ತೆ, ಅಷ್ಟೆ.

2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾಕ್ಕೆ ಎಫ್-35, ರಷ್ಯಾದ ಸುಖೋಯ್-57 ಎರಡೂ ಬಂದಿದ್ದವು. ಸಾವಿರಾರು ಜನ ಕಣ್ಣಾರೆ ನೋಡಿದರು. ಕಂಡದ್ದು ಹೊರಮೈ ಮಾತ್ರ. ಬೆಂಗಳೂರಿನವರೇ ಮಾಡಿದ ತೇಜಸ್ ನಾಳೆ ಇಂಥ ಆಟಕ್ಕೆ ಬರಬಹುದು, ಬೆಂಗಳೂರಿನಲ್ಲೇ ಹುಟ್ಟಿದ ಉತ್ತಮ್ ರಾಡಾರಿಗೆ ಯಾರೋ ಒಬ್ಬ ಒಂದು ಸಂಖ್ಯೆ ಬರೀಬಹುದು. ಕಡಿಮೆ ಬರೆದ್ರೆ ನಾವೆಲ್ಲ ಕೂಗಾಡ್ತೀವಿ. ಮನಸ್ಸು ತುಂಬುವಷ್ಟು ಹೆಚ್ಚು ಬರೆದ್ರೆ? ಆಗಲೂ ‘ಇದಕ್ಕೆ ಆಧಾರ ಏನಪ್ಪಾ’ ಅಂತ ಕೇಳೋ ಧೈರ್ಯ ನಮಗಿದೆಯಾ?

ನೀವೇನಂತೀರಿ? ಬೈಯೋದಿದ್ರೂ ಸರಿ, ಆಧಾರ ಕೊಟ್ಟು ಬೈರಿ...