ಮನೆಯ ಚಿತ್ರಕ್ಕೂ ವಾಸ್ತುವೇ?

ಬಸವಣ್ಣನವರ ಭಾವಚಿತ್ರದ ಪಕ್ಕದಲ್ಲೇ ಓಡುವ ಏಳು ಕುದುರೆಗಳ ಚಿತ್ರ ಇಂದು ನಮ್ಮ ಎಷ್ಟೋ ಮನೆಗಳಲ್ಲಿದೆ. ‘ಚೆಂದ ಕಂಡಿತು, ಹಾಕಿದೆವು’ ಎನ್ನುವವರು ಕಡಿಮೆ. ‘ವಾಸ್ತುವಿನವರು ಹೇಳಿದರು, ಹಣ ಬರುತ್ತದಂತೆ’ ಎನ್ನುವವರೇ ಹೆಚ್ಚು. ತಿಥಿ, ವಾರ, ನಕ್ಷತ್ರಗಳ ಭಯ ಬಿಡಿಸಿದ ಗುರುವಿನ ಕಣ್ಣೆದುರೇ ದಿಕ್ಕಿನ ಭಯವನ್ನು ತೂಗುಹಾಕಿದ್ದೇವೆ!

ಈ ಶಾಸ್ತ್ರಕ್ಕೆ ತಳಪಾಯ ಎಲ್ಲಿದೆ? ಕುದುರೆ ಪೂರ್ವದ ಗೋಡೆಗೆ ಎಂದು ಒಬ್ಬರು, ದಕ್ಷಿಣಕ್ಕೆ ಎಂದು ಇನ್ನೊಬ್ಬರು. ಒಂದೇ ತೊಲೆಗೆ ಇಬ್ಬರ ಲೆಕ್ಕ ಬೇರೆ ಬೇರೆ ಬಂದರೆ ನಾವು ಎಂಜಿನಿಯರರು ಕಾಂಕ್ರೀಟ್ ನಿಲ್ಲಿಸಿ ಮತ್ತೆ ಲೆಕ್ಕ ಮಾಡಿಸುತ್ತಿದ್ದೆವು. ಇಲ್ಲಿ ಇಬ್ಬರಿಗೂ ದಕ್ಷಿಣೆ ಸಲ್ಲುತ್ತದೆ. ನನಗೆ ಪರಿಚಯದ ಮನೆಯೊಂದರಲ್ಲಿ ಮಗಳು ಬಿಡಿಸಿದ ಊರ ಕೆರೆಯ ಚಿತ್ರ ಅಟ್ಟ ಸೇರಿತು. ಕಾರಣ, ದಕ್ಷಿಣದ ಗೋಡೆಗೆ ನೀರಿನ ಚಿತ್ರ ಆಗದಂತೆ. ಆ ಜಾಗಕ್ಕೆ ಅಂಗಡಿಯ ಮುದ್ರಿತ ಕುದುರೆಗಳು ಬಂದವು. ಆ ಹುಡುಗಿ ಮತ್ತೆ ಕುಂಚ ಹಿಡಿದಾಳೆಯೇ?

ದಿಕ್ಕು ನೋಡಲೇಬೇಕೆಂದರೆ ಬಿಸಿಲಿನ ದಿಕ್ಕು ನೋಡಿ. ನೇರ ಬಿಸಿಲು ಬಿದ್ದರೆ ಬಣ್ಣ ಮಾಸುತ್ತದೆ. ಮಳೆ ಹೊಡೆಯುವ ಹೊರಗೋಡೆಯಲ್ಲಿ ತೇವ ಇಳಿದರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಸ್ವಿಚ್ ಬೋರ್ಡಿನ ನೇರ ಮೇಲೆ ಡ್ರಿಲ್ ಹಾಕಬೇಡಿ, ಒಳಗೆ ವೈರಿನ ಪೈಪು ಇರುತ್ತದೆ. ಚಿತ್ರದ ನಡುಭಾಗ ನೆಲದಿಂದ ಸುಮಾರು 5 ಅಡಿ ಎತ್ತರದಲ್ಲಿರಲಿ. ಇವೆಲ್ಲ ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದಾದ ಮಾತುಗಳು.

ಇನ್ನು ಚಿತ್ರದ ಆಯ್ಕೆ. ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯ ಬಿಳುಪಿನಿಂದ, ಪುಂಡಿನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ಗೋಡೆಗೆ ತೂಗುಹಾಕುವಂತೆ ಬರೆದುಕೊಡುವವರೂ ಅವರಲ್ಲಿದ್ದಾರೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ನಡೆಸುವ ಚಿತ್ರಸಂತೆಯಲ್ಲಿ ಕಲಾವಿದರೇ ಕುಳಿತು ತಮ್ಮ ಚಿತ್ರ ಮಾರುತ್ತಾರೆ. ವಾಸ್ತು ಸಲಹೆಗೆ ಕೊಡುವ ದುಡ್ಡನ್ನು ಬರೆದವರ ಕೈಗೆ ಕೊಟ್ಟು, ನಿಮ್ಮ ಕಣ್ಣಿಗೆ, ಮನಸ್ಸಿಗೆ ಒಪ್ಪಿದ್ದನ್ನು ತನ್ನಿ. ಕಾಯಕಕ್ಕೆ ತೋರುವ ಗೌರವ ಅದೇ.

ಬಸವಣ್ಣನವರ ಭಾವಚಿತ್ರವನ್ನೂ ‘ಈಶಾನ್ಯಕ್ಕಿದ್ದರೆ ಶುಭ’ ಎಂಬ ಲೆಕ್ಕದಲ್ಲಿ ತೂಗುಹಾಕುವುದು ಬೇಡ. ಮನೆಮಂದಿ ದಿನವೂ ಕೂಡಿ ಕುಳಿತುಕೊಳ್ಳುವ ಕಡೆ ಇರಲಿ. ಅಂಗೈಯಲ್ಲೇ ಇಷ್ಟಲಿಂಗವಿರುವವರಿಗೆ ಅಶುಭದ ಗೋಡೆ ಯಾವುದು? ಅಟ್ಟ ಸೇರಿರುವ ಮಕ್ಕಳ ಚಿತ್ರಗಳನ್ನು ಮೊದಲು ಕೆಳಗಿಳಿಸಿ.