ಗುರುಗುಟ್ಟಿದ ಮಾತ್ರಕ್ಕೆ ಗೂಡು ಬೇರೆ ಮಾಡಬೇಕೆ?

‘ಜೋಡಿ ಮೊಲ ಗುರುಗುಟ್ಟಿದರೆ ಸ್ನೇಹ ಮುರಿದಂತೆ, ತಕ್ಷಣ ಬೇರ್ಪಡಿಸಿ’ ಎಂದು ಪತ್ರಿಕೆಯ ಪುರವಣಿಯಲ್ಲಿ ಬಂದ ಲೇಖನವೊಂದರ ಲೇಖಕರು ಬರೆದಿದ್ದಾರೆ. ಈ ಸಲಹೆ ಮೊಲಕ್ಕಿಂತ ಮಾಲೀಕರ ಗಾಬರಿಗೇ ಹೆಚ್ಚು ಒಪ್ಪುತ್ತದೆ.

ಗುರುಗುಟ್ಟುವುದೆಂದರೆ ‘ಇದು ನನ್ನ ಜಾಗ, ಸರಿ ಆಚೆ’ ಎಂಬ ಎಚ್ಚರಿಕೆ. ಕೋಡಿಬಾಗದ ನಮ್ಮ ಓಣಿಯ ಮನೆಯೊಂದರಲ್ಲಿ ಹೆಣ್ಣು ಮೊಲ ಗುರ್ ಎಂದು ಗಂಡಿನ ಬೆನ್ನೇರುತ್ತದೆ. ಸ್ವಲ್ಪ ಹೊತ್ತಿಗೆ ಅದರ ಮುಂದೆ ತಲೆ ತಗ್ಗಿಸಿ ಕೂರುತ್ತದೆ. ಗಂಡು ಹಣೆ ನೆಕ್ಕಲೇಬೇಕು! ಹೆಣ್ಣು ತಲೆ ತಗ್ಗಿಸುವುದು ಶರಣಾಗತಿಯಲ್ಲ, ಯಜಮಾನಿಕೆ. ಬೆನ್ನೇರುವುದು ಗಂಡಿನ ಕಾಮಚೇಷ್ಟೆ ಮಾತ್ರ ಎಂಬ ಲೇಖಕರ ಮಾತೂ ಇಲ್ಲಿಗೇ ಬಿದ್ದುಹೋಗುತ್ತದೆ.

ಲೇಖನ ಗುರುಗುಟ್ಟುವುದರ ಕಾರಣವನ್ನೇ ಹುಡುಕಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಯಾಗದ ಹೆಣ್ಣಿಗೆ ಸುಳ್ಳು ಬಸಿರು ಬರಬಹುದು. ಸುಮಾರು 16–18 ದಿನ ಇರುವ ಇದರ ಕೊನೆಯಲ್ಲಿ ಎದೆಯ ರೋಮ ಕಿತ್ತು, ಬಾಯಲ್ಲಿ ಹುಲ್ಲು ಕಚ್ಚಿ ಗೂಡು ಕಟ್ಟುತ್ತದೆ, ಹತ್ತಿರ ಬಂದವರ ಮೇಲೆ ಹರಿಹಾಯುತ್ತದೆ. ಹಲ್ಲುನೋವಿದ್ದರೂ ಸಿಡುಕುತ್ತದೆ. ಒಂದನ್ನು ಮಾತ್ರ ಆಸ್ಪತ್ರೆಗೆ ಒಯ್ದು ತಂದರೆ, ವಾಸನೆ ಬದಲಾಗಿ ಜೊತೆಗಾರನಿಗೇ ಅಪರಿಚಿತವಾಗಬಹುದು. ಆದ್ದರಿಂದ ಎರಡನ್ನೂ ಒಟ್ಟಿಗೇ ಒಯ್ಯುವುದು ಜಾಣತನ.

ಬೇರ್ಪಡಿಸುವ ಸಂದರ್ಭ ಇಲ್ಲವೆಂದಲ್ಲ. ಕಿವಿ ಹಿಂದಕ್ಕೆ ಒರಗಿಸಿ, ಬಾಲ ನಿಮಿರಿಸಿ, ಒಂದನ್ನೊಂದು ಸುತ್ತುತ್ತ ಕಚ್ಚಾಡಿ ರಕ್ತ ಬಂದರೆ ಕ್ಷಣವೂ ಕಾಯಬಾರದು. ಬರಿಗೈ ಮಾತ್ರ ನಡುವೆ ಹಾಕಬೇಡಿ, ದಪ್ಪ ಟವೆಲ್ ಹಿಡಿಯಿರಿ. ಆಗಲೂ ಗೂಡುಗಳು ಅಕ್ಕಪಕ್ಕದಲ್ಲೇ, ನಡುವೆ ಜಾಲರಿಯೊಂದಿಗೆ ಇರಲಿ. ವಾಸನೆ, ನೋಟ ತಪ್ಪಿದರೆ ಮತ್ತೆ ಕೂಡಿಸುವುದು ಬಲು ಕಷ್ಟ.

ಓದುಗರೇ, ಬರೀ ಗುರುಗುಟ್ಟಿದ್ದಕ್ಕೆ ಗೂಡು ಬೇರೆ ಮಾಡುವ ಮೊದಲು ದಯವಿಟ್ಟು ಎರಡನ್ನೂ ಪಶುವೈದ್ಯರಿಗೆ ತೋರಿಸಿ.